ಒಪಿನೆಲ್ ನಂ. 8: ಮಡಚುವ ಚಾಕುವನ್ನು ನಮ್ಮ ಕೈಗೂ ನಮ್ಮ ಮಳೆಗಾಲಕ್ಕೂ ಒಗ್ಗಿಸುವ ಬಗೆ

ಮಡಚುವ ಚಾಕುವೊಂದನ್ನು ಮನೆಯಲ್ಲೇ ಕೂತು ತಮಗೆ ಬೇಕಾದ ಹಾಗೆ ಮಾಡಿಕೊಳ್ಳಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ ಹೆಸರು, ಒಪಿನೆಲ್ ನಂಬರ್ 8. ಇದರಲ್ಲಿ ಇರುವುದೇ ಐದು ಭಾಗ: ಮರದ ಹಿಡಿ, ಅಲಗು, ಅಲಗು ತಿರುಗುವ ರಿವೆಟ್, ಹಿಡಿಯ ಕುತ್ತಿಗೆಗೆ ಕೂತ ಲೋಹದ ಪಟ್ಟಿ, ಆ ಪಟ್ಟಿಯ ಮೇಲೆ ತಿರುಗುವ ಬೀಗದ ಬಳೆ. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ, ಪ್ಲಾಸ್ಟಿಕ್ ಇಲ್ಲ. ಮರವಾದ್ದರಿಂದ ಉಜ್ಜಬಹುದು, ಕೆತ್ತಬಹುದು, ಬಣ್ಣ ಕೊಡಬಹುದು. ಕಾರ್ಬನ್ ಸ್ಟೀಲ್ ಅಲಗಾದರೆ ಅದಕ್ಕೂ ಬಣ್ಣ ಬರಿಸಬಹುದು. ದೊಡ್ಡ ಯಂತ್ರ ಯಾವುದೂ ಬೇಡ.

ಫ್ರಾನ್ಸಿನ ಸಾವೊಯ್ ಪ್ರಾಂತ್ಯದಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವೆ, ಜೋಸೆಫ್ ಒಪಿನೆಲ್ 1890ರಲ್ಲಿ ಈ ಚಾಕು ಮಾಡಿದ. ಆಗ ಅವನಿಗೆ ಹದಿನೆಂಟು ವರ್ಷ. ಅವನದು ಕಬ್ಬಿಣದ ಹತಾರ ಮಾಡುವ ಮನೆತನ. 1897ರಲ್ಲಿ ಒಂದರಿಂದ ಹನ್ನೆರಡರವರೆಗೆ ಅಳತೆಗಳು ಬಂದವು. ಅಲಗಿನ ಮೇಲಿರುವ ಕಿರೀಟ ತೊಟ್ಟ ಕೈಯ ಗುರುತು 1909ರದ್ದು. ಬೀಗದ ಬಳೆ ಮಾತ್ರ ಬಹಳ ತಡವಾಗಿ, 1955ರಲ್ಲಿ ಸೇರಿತು. ಅದಕ್ಕೆ ವಿರೋಬ್ಲಾಕ್ ಎನ್ನುತ್ತಾರೆ. ಅಲಗು ತೆರೆದಾಗ ಅದು ಬೆರಳಿನ ಮೇಲೆ ಮಡಚಿಕೊಳ್ಳದಂತೆ ಈ ಬಳೆ ತಡೆಯುತ್ತದೆ. 2000ದಿಂದ ಈಚೆಗೆ ಬಂದವುಗಳಲ್ಲಿ ಮುಚ್ಚಿದಾಗಲೂ ಬೀಗ ಹಾಕಬಹುದು. ನಂ. 8ರ ಅಲಗು 8.5 ಸೆಂಟಿಮೀಟರ್, ಹಿಡಿ 11 ಸೆಂಟಿಮೀಟರ್. ನಮ್ಮ ಅಂಗೈಗೆ ಹದವಾದ ಅಳತೆ.

ಆದರೆ ಇದು ತಂಪು ಬೆಟ್ಟದ ಊರಿನ ಚಾಕು. ಹಿಡಿ ಬೀಚ್ ಮರದ್ದು. ಬೀಚ್ ಮರಕ್ಕೆ ತೇವ ಸಿಕ್ಕಿದರೆ ಊದಿಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಮಂಗಳೂರಲ್ಲೋ ತೀರ್ಥಹಳ್ಳಿಯಲ್ಲೋ ಈ ಚಾಕು ಇಟ್ಟುಕೊಂಡವರಿಗೆ ಗೊತ್ತು, ಅಲಗು ಹಿಡಿಯೊಳಗೆ ಸಿಕ್ಕಿಕೊಂಡು ಉಗುರು ಕಿತ್ತುಬರುವ ಹಾಗೆ ಎಳೆದರೂ ಏಳುವುದಿಲ್ಲ. ಅದಕ್ಕೇ ನಾನು ಈ ಕೆಲಸವನ್ನು ಬಣ್ಣದಿಂದ, ಕೆತ್ತನೆಯಿಂದ ಶುರು ಮಾಡುವುದಿಲ್ಲ. ಚಂದ ಆಮೇಲೆ. ಮೊದಲು ಚಾಕು ಸಲೀಸಾಗಿ ತೆರೆಯಬೇಕು, ಆಮೇಲೆ ಕೈಗೆ ಕೂರಬೇಕು, ನೋಟದ ಮಾತು ಕೊನೆಗೆ. ಕೆಳಗಿನದೆಲ್ಲ ಅದೇ ಕ್ರಮದಲ್ಲಿದೆ.

ಯಾವುದನ್ನು ಕೊಳ್ಳಬೇಕು

ಅಲಗಿನ ಮೇಲೆ ಕಾರ್ಬೋನ್ ಎಂದಿದ್ದರೆ ಅದು ಕಾರ್ಬನ್ ಸ್ಟೀಲ್, ಇನಾಕ್ಸ್ ಎಂದಿದ್ದರೆ ತುಕ್ಕು ಹಿಡಿಯದ ಸ್ಟೀಲ್. ಕಾರ್ಬನ್ ಸ್ಟೀಲಿನಲ್ಲಿ ಇಂಗಾಲ ಸುಮಾರು ಶೇಕಡಾ 0.9 ಇರುತ್ತದೆ. ಬೇಗ ಹರಿತವಾಗುತ್ತದೆ, ಬಣ್ಣ ಹಿಡಿಯುತ್ತದೆ, ಹಾಗೇ ಬಿಟ್ಟರೆ ತುಕ್ಕೂ ಹಿಡಿಯುತ್ತದೆ. ಬಳಸಿದ ಕೂಡಲೇ ಒರೆಸಿಡುವ ಅಭ್ಯಾಸ ಇದ್ದವರಿಗೆ ಇದೇ ಸರಿ. ಕರಾವಳಿಯಲ್ಲಿದ್ದು, ದಿನಾ ಒರೆಸುವ ವ್ಯವಧಾನ ಇಲ್ಲ ಅಂದರೆ ಇನಾಕ್ಸ್ ತೆಗೆದುಕೊಳ್ಳಿ. ಆಗ ಅಲಗಿಗೆ ಬಣ್ಣ ಬರಿಸುವ ಭಾಗ ಬಿಟ್ಟು ಮಿಕ್ಕಿದ್ದೆಲ್ಲ ನಿಮಗೂ ಅನ್ವಯಿಸುತ್ತದೆ.

ನಂ. 2ರಿಂದ 5ರವರೆಗಿನ ಚಿಕ್ಕ ಚಾಕುಗಳಿಗೆ ಬೀಗದ ಬಳೆ ಇರುವುದಿಲ್ಲ. ಮೊದಲ ಕೆಲಸಕ್ಕೆ ಅವು ಬೇಡ.

ಬೇಕಾದ ಸಾಮಾನು

ಎಲ್ಲಾ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥದ್ದೇ. 80, 120, 180, 240, 320, 400 ನಂಬರಿನ ಸ್ಯಾಂಡ್‌ಪೇಪರ್ ಒಂದೆರಡು ಹಾಳೆ. ಒಂದು ಕಡೆ ಚಪ್ಪಟೆ, ಒಂದು ಕಡೆ ಅರ್ಧ ದುಂಡಾದ ಮರದ ಅರ. ಮಾಸ್ಕಿಂಗ್ ಟೇಪ್. ಸರ್ಕ್ಲಿಪ್ ಪ್ಲೈಯರ್, ಅಂದರೆ ಹಿಡಿ ಒತ್ತಿದರೆ ಮೂತಿ ಅಗಲವಾಗುವ ಇಕ್ಕಳ, ಗ್ಯಾರೇಜಿನವರ ಹತ್ತಿರ ಒಂದು ಗಂಟೆಗೆ ಕೇಳಿ ತಂದರೂ ಸಾಕು. ಅಗಸೆ ಎಣ್ಣೆ, ಸ್ವಲ್ಪ ಜೇನುಮೇಣ, ವ್ಯಾಸಲೀನ್. ಬಿಳಿ ವಿನೆಗರ್, ಅಡುಗೆ ಸೋಡಾ. ಸಾಣೆ ಹಿಡಿಯಲು 1000 ನಂಬರಿನ ಕಲ್ಲು. ಮೂಗಿಗೆ ಮಾಸ್ಕ್ ಮರೆಯಬೇಡಿ. ಬೀಚ್‌ನಂಥ ಗಟ್ಟಿಮರದ ಸಣ್ಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮೊದಲು ಅಳತೆ

ಮರಕ್ಕೆ ಅರ ಇಡುವ ಮುಂಚೆ ಹಿಡಿಯ ಒಳಗೆ ಏನಿದೆ ಅನ್ನುವುದನ್ನು ಹೊರಗೆ ಬರೆದುಕೊಳ್ಳಬೇಕು. ಇದು ಐದು ನಿಮಿಷದ ಕೆಲಸ. ಇದನ್ನು ಬಿಟ್ಟವರ ಹಿಡಿಗಳಲ್ಲೇ ತೂತು ಬೀಳುವುದು.

ಹಿಡಿಯ ಉದ್ದಕ್ಕೂ ಅಲಗು ಕೂರುವ ಸೀಳು ಇದೆ ಅಲ್ವಾ? ಹಳೇ ಮದುವೆ ಕಾಗದದಿಂದ ಒಂದು ಸಣ್ಣ ಪಟ್ಟಿ ಕತ್ತರಿಸಿ. ಅಲಗು ತೆರೆದು ಬೀಗ ಹಾಕಿ, ಪಟ್ಟಿಯನ್ನು ಸೀಳಿನೊಳಗೆ ತಳ ಮುಟ್ಟುವವರೆಗೆ ಇಳಿಸಿ. ಹಿಡಿಯ ಅಂಚಿನ ಮಟ್ಟಕ್ಕೆ ಪಟ್ಟಿಯ ಮೇಲೆ ಪೆನ್ಸಿಲ್ ಗೆರೆ ಹಾಕಿ ಹೊರತೆಗೆಯಿರಿ. ಅದನ್ನೇ ಹಿಡಿಯ ಹೊರಬದಿಗೆ ಹಿಡಿದು ಆಳ ಗುರುತಿಸಿ. ಕುತ್ತಿಗೆಯ ಹತ್ತಿರ, ನಡುವೆ, ಸೀಳು ಮುಗಿಯುವಲ್ಲಿ, ಹೀಗೆ ಮೂರು ಕಡೆ ಮಾಡಿ ಚುಕ್ಕಿಗಳನ್ನು ಸೇರಿಸಿದರೆ ಒಳಗಿನ ಸೀಳಿನ ತಳ ಹೊರಗೆ ಗೆರೆಯಾಗಿ ಕಾಣುತ್ತದೆ. ಆಮೇಲೆ ಅಲಗು ಮುಚ್ಚಿ, ಮೊನೆ ಎಲ್ಲಿಯವರೆಗೆ ಬರುತ್ತದೆ ನೋಡಿ, ಅಲ್ಲೊಂದು ಅಡ್ಡಗೆರೆ ಹಾಕಿ.

ಈ ಗೆರೆಗಳಿಗೂ ನೀವು ಮರ ತೆಗೆಯುವ ಜಾಗಕ್ಕೂ ನಡುವೆ ಕನಿಷ್ಠ 4 ಮಿಲಿಮೀಟರ್ ಗಟ್ಟಿ ಮರ ಉಳಿಯಬೇಕು. ಸೀಳಿನ ಎರಡೂ ಪಕ್ಕದ ಗೋಡೆಗಳಿಗೂ ಇದೇ ಲೆಕ್ಕ. ಇನ್ನೂ ತೆಳ್ಳಗಾದರೆ ಬೇಸಿಗೆಯಲ್ಲಿ ಮರ ಒಣಗಿದಾಗ ಸೀಳು ಬಿಡುತ್ತದೆ.

ಬಳೆ ಬಿಚ್ಚುವುದು

ಬಳೆ ಬಿಚ್ಚುವಾಗ ಅಲಗು ಮುಚ್ಚಿರಲಿ, ಬೀಗ ತೆರೆದಿರಲಿ. ಬಳೆಯ ಸೀಳಿಗೆ ಸರ್ಕ್ಲಿಪ್ ಪ್ಲೈಯರಿನ ಎರಡು ಮೂತಿ ಇಟ್ಟು, ಬಳೆ ಚೂರೇ ಚೂರು ಅಗಲವಾಗುವಷ್ಟು ಬಿಚ್ಚಿ, ಮುಂದಕ್ಕೆ ತಳ್ಳಿ. ಅದು ತಾನು ಕೂತ ಜಾಗದಿಂದ ಎದ್ದು ಕುತ್ತಿಗೆಯ ಮೇಲಿಂದ ಕಳಚಿಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಬಳೆ ಚಿಮ್ಮಬಹುದು. ಅಗತ್ಯಕ್ಕಿಂತ ಜಾಸ್ತಿ ಅಗಲಿಸಿದರೆ ವಾಪಸ್ ಹಾಕಿದಾಗ ಸಡಿಲವಾಗುತ್ತದೆ. ಆಗ ಬಟ್ಟೆ ಸುತ್ತಿದ ಇಕ್ಕಳದಿಂದ ಮೆಲ್ಲಗೆ ಒತ್ತಿ ಬಿಗಿ ಮಾಡಬಹುದು, ಆದರೆ ಆ ಹಂತಕ್ಕೆ ಹೋಗದಿರುವುದೇ ವಾಸಿ.

ಬಳೆ ತೆಗೆದ ಮೇಲೆ ಒಳಪಟ್ಟಿಯ ಎರಡೂ ಕಡೆ ರಿವೆಟಿನ ತಲೆ ಕಾಣುತ್ತದೆ. ಇಷ್ಟಕ್ಕೇ ನಿಲ್ಲಿ ಅನ್ನುತ್ತೇನೆ. ಈ ಲೇಖನದ ಯಾವ ಕೆಲಸಕ್ಕೂ ರಿವೆಟ್ ತೆಗೆಯುವ ಅಗತ್ಯ ಇಲ್ಲ. ಹೊಸ ಹಿಡಿಯನ್ನೇ ಮಾಡಿ ಕೂರಿಸಬೇಕು ಅನ್ನುವವರು ಮಾತ್ರ ಒಂದು ಕಡೆಯ ತಲೆಯನ್ನು ಅರದಿಂದ ಸವೆಸಿ, ತೂತಿರುವ ಮರದ ತುಂಡಿನ ಮೇಲಿಟ್ಟು, ಸಣ್ಣ ಪಂಚ್‌ನಿಂದ ತಟ್ಟಿ ಹೊರಹಾಕಬೇಕು. ಹೊಸ ರಿವೆಟಿಗೆ ಹಳೆಯದರಷ್ಟೇ ದಪ್ಪದ ಸ್ಟೀಲ್ ಅಥವಾ ಹಿತ್ತಾಳೆ ಕಡ್ಡಿ ಬೇಕು. ಬಡಿದ ಮೇಲೆ ಅದರ ತಲೆ ಪಟ್ಟಿಯ ಮಟ್ಟಕ್ಕೇ ಇರಬೇಕು. ಕೂದಲೆಳೆಯಷ್ಟು ಉಬ್ಬಿದ್ದರೂ ಮೇಲಿನ ಬಳೆ ತಿರುಗುವುದಿಲ್ಲ. ಮೊದಲ ಸಲ ಮಾಡುವವರಿಗೆ ಇದು ಬೇಡವೇ ಬೇಡ.

ಅಲಗಿನ ದಾರಿ ಬಿಡಿಸುವುದು

ಮಳೆಗಾಲದ ಬಿಗಿತ ಬರುವುದು ಎರಡು ಕಡೆ. ಒಂದು, ಲೋಹದ ಪಟ್ಟಿಯೊಳಗೆ ಅಲಗಿನ ಬುಡ ತಿರುಗುವ ಜಾಗ. ಇನ್ನೊಂದು, ಸೀಳಿನ ಗೋಡೆಗಳು. ಎಲ್ಲಿ ಉಜ್ಜುತ್ತಿದೆ ಅನ್ನುವುದನ್ನು ಊಹಿಸಬೇಕಿಲ್ಲ, ಚಾಕುವೇ ತೋರಿಸುತ್ತದೆ. ಅಲಗಿನ ಬುಡಕ್ಕೆ ಎರಡೂ ಕಡೆ ಕಪ್ಪು ಮಾರ್ಕರ್ ಬಳಿದು, ಒಣಗಿದ ಮೇಲೆ ಕೆಲವು ಸಲ ತೆರೆದು ಮುಚ್ಚಿ. ಮಸಿ ಅಳಿಸಿದ ಜಾಗವೇ ಉಜ್ಜುವ ಜಾಗ. ಎದುರಿನ ಮರದ ಮೇಲೂ ಕಪ್ಪು ಗೀಚು ಬಿದ್ದಿರುತ್ತದೆ.

ಐಸ್‌ಕ್ರೀಂ ಕಡ್ಡಿಗೆ 180 ನಂಬರಿನ ಕಾಗದವನ್ನು ಒಂದೇ ಸುತ್ತು ಅಂಟಿಸಿ, ಆ ಗೀಚು ಬಿದ್ದ ಕಡೆ ಮಾತ್ರ ಉಜ್ಜಿ. ಕಡ್ಡಿ ದಪ್ಪವಾದರೆ ಹಳೆಯ ಹ್ಯಾಕ್‌ಸಾ ಬ್ಲೇಡಿನ ತುಂಡಿಗೆ ಅಂಟಿಸಬಹುದು. ಸ್ವಲ್ಪ ಉಜ್ಜಿ, ಮಸಿ ಬಳಿದು, ಮತ್ತೆ ನೋಡಿ. ಬೇಸಿಗೆಯಲ್ಲಿ ಈ ಕೆಲಸ ಮಾಡುತ್ತಿದ್ದರೆ ಅಲಗು ಆರಾಮಾಗಿ ತಿರುಗುವ ಹಂತಕ್ಕಿಂತ ಚೂರು ಜಾಸ್ತಿ ತೆಗೆಯಿರಿ, ಮಳೆಗೆ ಮರ ಹಿಗ್ಗುತ್ತದೆ. ಮಳೆಗಾಲದಲ್ಲೇ ಮಾಡುತ್ತಿದ್ದರೆ ತಿರುಗುವಷ್ಟಕ್ಕೇ ಸಾಕು ಮಾಡಿ. ಇಲ್ಲದಿದ್ದರೆ ಮಾರ್ಚ್ ಹೊತ್ತಿಗೆ ಅಲಗು ಒಳಗೆ ಲಟಪಟ ಅನ್ನುತ್ತದೆ.

ಕೆಲಸದ ನಡುವೆ ಅಥವಾ ಮುಂದೆ ಯಾವತ್ತಾದರೂ ಅಲಗು ಸಿಕ್ಕಿಕೊಂಡರೆ ಇಕ್ಕಳ ಹಾಕಿ ಎಳೆಯಬೇಡಿ. ಇದಕ್ಕೆ ಸಾವೊಯ್ ಊರಿನವರದ್ದೇ ಒಂದು ಉಪಾಯ ಇದೆ. ಬೀಗ ತೆಗೆದು, ಹಿಡಿಯ ಬಾಲದ ತುದಿಯನ್ನು ಗಟ್ಟಿ ಜಾಗಕ್ಕೆ ಕುಟ್ಟುತ್ತಾರೆ. ಅಲಗು ಅದರ ತೂಕಕ್ಕೇ ಸ್ವಲ್ಪ ಹೊರಗೆ ಬರುತ್ತದೆ. ಬೆರಳು ಅಲಗಿನ ದಾರಿಯಲ್ಲಿ ಇರಬಾರದು, ಅಷ್ಟೇ.

ಹಿಡಿಗೆ ಆಕಾರ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ತುಂಬಾ ಖುಷಿ ಕೊಡುವ ಭಾಗ ಇದು. ಅಲಗು ತೆರೆದು, ಬಳೆ ವಾಪಸ್ ಹಾಕಿ ಬೀಗ ಹಾಕಿ. ಅಲಗಿಗೆ ದಪ್ಪ ರಟ್ಟು ಮಡಚಿ ಹೊದಿಸಿ, ಮೇಲೆ ಟೇಪನ್ನು ಮೂರು ಸುತ್ತು ಬಿಗಿಯಾಗಿ ಸುತ್ತಿ. ಬಳೆಗೂ ಟೇಪ್ ಹಾಕಿ, ಇಲ್ಲದಿದ್ದರೆ ಅರ ತಾಗಿ ಗೀರಾಗುತ್ತದೆ. ವೈಸ್ ಇದ್ದರೆ ರಟ್ಟು ಹೊದಿಸಿದ ಅಲಗನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು ಹಿಡಿಸಿ. ಇಲ್ಲದಿದ್ದರೆ ಕೈಯಲ್ಲೇ ಹಿಡಿದು ಮಾಡಬಹುದು.

ಮೊದಲು ವಾರ್ನಿಷ್ ಹೋಗಬೇಕು. ಕಾರ್ಖಾನೆಯಿಂದ ಬರುವ ಹಿಡಿಗೆ ತೆಳ್ಳಗೆ ವಾರ್ನಿಷ್ ಇರುತ್ತದೆ, ಅದರ ಮೇಲೆ ಎಣ್ಣೆ ಹಿಡಿಯುವುದಿಲ್ಲ. 120 ನಂಬರಿನ ಕಾಗದದಿಂದ ಮರದ ಎಳೆಯ ದಿಕ್ಕಿಗೇ ಉಜ್ಜಿ. ಹೊಳಪು ಹೋಗಿ ಮಂಕಾದ ಬಿಳಿಮರ ಕಂಡರೆ ವಾರ್ನಿಷ್ ಹೋಗಿದೆ ಎಂದರ್ಥ. ಅನುಮಾನ ಬಂದ ಕಡೆ ಒದ್ದೆ ಬೆರಳು ಒತ್ತಿ ನೋಡಿ. ಮರ ಕಪ್ಪಾದರೆ ವಾರ್ನಿಷ್ ಇಲ್ಲ, ನೀರು ಹಾಗೇ ಹನಿಯಾಗಿ ನಿಂತರೆ ಇನ್ನೂ ಇದೆ.

ಈಗ ಚಾಕುವನ್ನು ಕೈಯಲ್ಲಿ ಹಿಡಿದು, ಒಂದು ಹಣ್ಣು ಕೊಯ್ಯುವ ಹಾಗೆ, ಒಂದು ಕಡ್ಡಿ ಹೆರೆಯುವ ಹಾಗೆ ಆಡಿಸಿ ನೋಡಿ. ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ ಅನ್ನುವುದು ಕೈಗೆ ಗೊತ್ತಾಗುತ್ತದೆ. ಹೆಚ್ಚಿನವರಿಗೆ ಒಪಿನೆಲ್ ಹಿಡಿ ಸ್ವಲ್ಪ ಜಾಸ್ತಿ ದುಂಡು ಅನ್ನಿಸುತ್ತದೆ. ಅಂಗೈಯಲ್ಲಿ ಹೊರಳುತ್ತದೆ, ಜೇಬಿನಲ್ಲಿ ಉಬ್ಬುತ್ತದೆ. ಅದಕ್ಕೆ ನಾನು ಮೊದಲು ಹೇಳುವುದು ಎರಡೂ ಪಕ್ಕ ಚಪ್ಪಟೆ ಮಾಡಿ ಅಂತ. ಬದಿಗೆ ಒಂದರಿಂದ ಒಂದೂವರೆ ಮಿಲಿಮೀಟರ್ ಸಾಕು. ಕಡಿಮೆ ಅನ್ನಿಸಬಹುದು, ಆದರೆ ಕೈಗೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಎರಡೂ ಬದಿ ಸಮ ಬರಲು ಅರಕ್ಕಿಂತ ಕಾಗದವೇ ಒಳ್ಳೆಯದು. 80 ನಂಬರಿನ ಹಾಳೆಯನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಟೇಪ್ ಹಾಕಿ ಅಂಟಿಸಿ. ಹಿಡಿಯ ಪಕ್ಕಕ್ಕೆ ಪೆನ್ಸಿಲಿನಿಂದ ಅಡ್ಡಡ್ಡ ಗೀಚಿ. ಹಿಡಿಯನ್ನು ಹಾಳೆಯ ಮೇಲೆ ಒತ್ತಿ ಮುಂದಕ್ಕೆ, ಹಿಂದಕ್ಕೆ ಎಳೆಯಿರಿ. ಗೀಚು ಅಳಿಸಿದ ಕಡೆ ಮರ ಹೋಗುತ್ತಿದೆ, ಉಳಿದ ಕಡೆ ಇನ್ನೂ ತಾಕಿಲ್ಲ. ಹತ್ತು ಎಳೆತಕ್ಕೊಮ್ಮೆ ಬದಿ ಬದಲಿಸಿ. ಹಾಗೆ ಮಾಡಿದರೆ ಎರಡೂ ಕಡೆ ಒಂದೇ ಸಮ ತೆಳ್ಳಗಾಗುತ್ತದೆ.

ಇನ್ನು ತೋರುಬೆರಳು ಕೂರಲು ಕುತ್ತಿಗೆಯ ಕೆಳಗೆ ಒಂದು ಸಣ್ಣ ತಗ್ಗು ಮಾಡಬಹುದು. ಅರದ ದುಂಡು ಬದಿಯಿಂದ ಮೆಲ್ಲಗೆ ತೆಗೆಯಿರಿ. ಆಳದ ಗೆರೆ ನೆನಪಿರಲಿ. ನಾಲ್ಕು ಬೆರಳಿಗೂ ನಾಲ್ಕು ತಗ್ಗು ಮಾಡುವವರಿದ್ದಾರೆ, ನೋಡಲು ಚೆನ್ನಾಗಿರುತ್ತದೆ. ನಾನಂತೂ ಬೇಡ ಅನ್ನುತ್ತೇನೆ. ಬೆರಳು ಒಂದೇ ರೀತಿ ಕೂರಬೇಕಾಗುತ್ತದೆ. ತೆಂಗಿನ ಗರಿ ಸೀಳುವಾಗ ಒಂದು ಹಿಡಿತ, ಮಾವು ಹೆಚ್ಚುವಾಗ ಇನ್ನೊಂದು ಹಿಡಿತ ಬೇಕಲ್ಲ.

ಹಿಡಿಯ ಬಾಲ ಮೀನಿನ ಬಾಲದ ಹಾಗೆ ಸ್ವಲ್ಪ ಹೊರಕ್ಕೆ ಬಾಗಿರುತ್ತದೆ. ಅಂಗೈಗೆ ಚುಚ್ಚಿದರೆ ಮೂಲೆಗಳನ್ನು ಮಾತ್ರ ದುಂಡು ಮಾಡಿ. ಪೂರ್ತಿ ಕತ್ತರಿಸಬೇಡಿ. ಒದ್ದೆ ಕೈಯಿಂದ ಚಾಕು ಜಾರಿಹೋಗದಂತೆ ತಡೆಯುವುದು ಆ ಬಾಲವೇ. ದಾರ ಕಟ್ಟಲು ತೂತು ಬೇಕಿದ್ದರೆ ಬಾಲದ ಗಟ್ಟಿ ಮರದಲ್ಲಿ, ಮೊನೆಯ ಗೆರೆಯಿಂದ ದೂರದಲ್ಲಿ 4 ಮಿಲಿಮೀಟರ್ ಡ್ರಿಲ್ ಹಾಕಿ. ಕೆಳಗೆ ಬೇರೊಂದು ಮರದ ತುಂಡು ಒತ್ತಿ ಹಿಡಿದರೆ ಆಚೆ ಬದಿ ಸಿಬಿರು ಏಳುವುದಿಲ್ಲ.

ಆಕಾರ ಬಂದ ಮೇಲೆ 120, 180, 240, 320 ಹೀಗೆ ಕ್ರಮವಾಗಿ ಉಜ್ಜಿ. ಒಂದು ನಂಬರ್ ಹಾರಿದರೆ ಹಿಂದಿನ ಕಾಗದದ ಗೀರು ಉಳಿದು, ಎಣ್ಣೆ ಹಚ್ಚಿದಾಗ ಎದ್ದು ಕಾಣುತ್ತದೆ. 320 ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಹಿಡಿಯನ್ನು ಒಮ್ಮೆ ಒರೆಸಿ ಒಂದು ದಿನ ನೆರಳಲ್ಲಿ ಬಿಡಿ. ಮರದ ಸಣ್ಣ ನಾರುಗಳು ಎದ್ದು ಮೇಲ್ಮೈ ದೊರಗಾಗುತ್ತದೆ. 400ರಿಂದ ಹಗುರವಾಗಿ ಉಜ್ಜಿದರೆ ಆ ನಾರು ಹೋಗುತ್ತದೆ, ಮುಂದೆ ಕೈ ಬೆವರಿದರೂ ಮತ್ತೆ ಏಳುವುದಿಲ್ಲ.

ಬಣ್ಣ, ಹೆಸರು

ಬೀಚ್ ಮರದ ತಿಳಿ ಬಣ್ಣವೇ ಇಷ್ಟ ಅಂದರೆ ಇದನ್ನು ಬಿಟ್ಟು ಎಣ್ಣೆಗೆ ಹೋಗಿ. ಕಪ್ಪು ಹಿಡಿ ಬೇಕು ಅನ್ನುವವರಿಗೆ ಒಂದು ಒಳ್ಳೆಯ ದಾರಿ ನಮ್ಮ ಗ್ರಂಥಿಗೆ ಅಂಗಡಿಯಲ್ಲೇ ಇದೆ.

ಗಾಜಿನ ಬಾಟಲಿಯಲ್ಲಿ ಬಿಳಿ ವಿನೆಗರ್ ಹಾಕಿ, ಸ್ಟೀಲ್ ವೂಲಿನ ಒಂದು ಉಂಡೆ ಮುಳುಗಿಸಿ ಎರಡು ದಿನ ಬಿಡಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಅನಿಲ ಹುಟ್ಟುತ್ತದೆ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸುರುಳಿ ಕರಗುವುದಿಲ್ಲ, ಸಾದಾ ಕಬ್ಬಿಣದ ಉಣ್ಣೆಯೇ ಬೇಕು. ಇನ್ನೊಂದು ಕಡೆ ನಾಲ್ಕೈದು ಅಳಲೆಕಾಯಿಯನ್ನು ಜಜ್ಜಿ, ಒಂದು ಲೋಟ ನೀರಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಸೋಸಿ. ಅಳಲೆಕಾಯಿಯಲ್ಲಿ ಟ್ಯಾನಿನ್, ಅಂದರೆ ಒಗರು ಕೊಡುವ ಅಂಶ, ಬಹಳ. ಅದೂ ಕಬ್ಬಿಣವೂ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಮಸಿ ಮಾಡುತ್ತಿದ್ದದ್ದೂ ಬಟ್ಟೆಗೆ ಕಪ್ಪು ಹಾಕುತ್ತಿದ್ದದ್ದೂ ಇದೇ ಗುಣದಿಂದ. ಬೀಚ್ ಮರದಲ್ಲಿ ತನ್ನದೇ ಟ್ಯಾನಿನ್ ಕಡಿಮೆ, ಹಾಗಾಗಿ ಈ ಕಷಾಯ ಮೊದಲು ಬಳಿಯಬೇಕು.

ಕಷಾಯ ಬಳಿದು ಒಣಗಿಸಿ. ಆಮೇಲೆ ಕಬ್ಬಿಣದ ನೀರನ್ನು ಸಣ್ಣ ಬ್ರಷ್‌ನಿಂದ ಹಚ್ಚಿ. ನೋಡನೋಡುತ್ತಲೇ ಮರ ಬೂದಿಯಾಗಿ, ನೀಲಿಗಪ್ಪಾಗಿ, ಕೊನೆಗೆ ಕಡುಗಪ್ಪಾಗುತ್ತದೆ. ಅಲಗಿಗೆ ತಾಗದ ಹಾಗೆ ನೋಡಿಕೊಳ್ಳಿ. ಸೀಳಿನೊಳಗೆ ಹಚ್ಚಲೇಬೇಡಿ. ಒಂದು ದಿನ ಒಣಗಿಸಿ, ಒಣಬಟ್ಟೆಯಿಂದ ಒರೆಸಿ.

ಹೆಸರು ಬರೆಯುವ ಆಸೆ ಇದ್ದರೆ ಸಣ್ಣ ಮೊನೆಯ ಸೋಲ್ಡರಿಂಗ್ ಐರನ್ ಸಾಕು. ಬಣ್ಣ ಹಚ್ಚದ ಹಿಡಿಗೆ ಮಾತ್ರ ಇದು ಚಂದ. ಕನ್ನಡದ ದುಂಡು ಅಕ್ಷರವನ್ನು ಒಂದೇ ಎಳೆತದಲ್ಲಿ ಬರೆಯಲು ಹೋಗಬೇಡಿ. ಪೆನ್ಸಿಲಿನಲ್ಲಿ ಬರೆದುಕೊಂಡು, ಚುಕ್ಕಿ ಚುಕ್ಕಿಯಾಗಿ ಸುಟ್ಟು, ಆಮೇಲೆ ಸೇರಿಸಿ. ಇದನ್ನು ಎಣ್ಣೆ ಹಚ್ಚುವ ಮುಂಚೆಯೇ ಮಾಡಬೇಕು.

ಎಣ್ಣೆ ಕುಡಿಸುವುದು

ಮರಕ್ಕೆ ಹಚ್ಚುವ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವಂಥದ್ದಾಗಿರಬೇಕು. ಅಗಸೆ ಎಣ್ಣೆಗೆ ಆ ಗುಣ ಇದೆ. ಕೊಬ್ಬರಿ ಎಣ್ಣೆಗೆ ಇಲ್ಲ. ಅದು ಯಾವತ್ತೂ ಒಣಗುವುದಿಲ್ಲ, ಹಿಡಿ ಜಿಡ್ಡುಜಿಡ್ಡಾಗೇ ಉಳಿದು ಧೂಳು ಹಿಡಿಯುತ್ತದೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಎಂದು ಸಿಗುತ್ತದೆ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ. ಹಣ್ಣು, ತರಕಾರಿ ಕೊಯ್ಯುವ ಚಾಕುವಿಗೆ ನಾನು ಅದನ್ನು ಬಳಸುವುದಿಲ್ಲ. ತಿನ್ನಲು ಮಾರುವ, ಗಾಣದ ಅಗಸೆ ಎಣ್ಣೆಯೇ ಮೇಲು. ಒಣಗಲು ಹೆಚ್ಚು ದಿನ ಹಿಡಿಯುತ್ತದೆ, ಅಷ್ಟೇ.

ಬಟ್ಟೆಯಿಂದ ತೆಳ್ಳಗೆ ಹಚ್ಚಿ. ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೇ ಮೇಲೆ ಉಳಿದಿದ್ದನ್ನೆಲ್ಲ ಒರೆಸಿ ತೆಗೆಯಿರಿ. ಈ ಒರೆಸುವುದೇ ಮುಖ್ಯ. ಎಣ್ಣೆ ದಪ್ಪಗೆ ಉಳಿದರೆ ಅಂಟಂಟಾಗಿ ಕೂರುತ್ತದೆ. ದಿನಕ್ಕೊಂದು ಸಲದಂತೆ ನಾಲ್ಕೈದು ದಿನ ಮಾಡಿ. ಬಾಲದ ತುದಿಯಲ್ಲಿ, ಸೀಳಿನ ಒಳಗೆ ಮರ ಜಾಸ್ತಿ ಕುಡಿಯುತ್ತದೆ, ಅಲ್ಲಿಗೆ ಎರಡು ಸಲ ಹಚ್ಚಿ. ಒಣಗುವ ದಿನಗಳಲ್ಲಿ ಅಲಗನ್ನು ಆಗಾಗ ತೆರೆದು ಮುಚ್ಚುತ್ತಿರಿ, ಇಲ್ಲದಿದ್ದರೆ ಕೀಲಿನಲ್ಲಿ ಎಣ್ಣೆ ಗೋಂದಿನ ಹಾಗೆ ಹಿಡಿದುಬಿಡುತ್ತದೆ.

ಒಂದು ಮಾತು ದಯವಿಟ್ಟು ಗಮನಿಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಹರವಿ ಒಣಗಿಸಿ, ಆಮೇಲೆ ಬಿಸಾಡಿ.

ಎಣ್ಣೆ ಪೂರ್ತಿ ಒಣಗಿ, ಹಿಡಿ ಮುಟ್ಟಿದರೆ ಕೈಗೆ ಏನೂ ಅಂಟದಿದ್ದಾಗ ಜೇನುಮೇಣ ತಿಕ್ಕಿ ಬಟ್ಟೆಯಿಂದ ಹೊಳಪು ಬರಿಸಿ. ಕೀಲಿಗೆ ವ್ಯಾಸಲೀನ್. ಒಂದು ಬಟ್ಟಲಲ್ಲಿ ವ್ಯಾಸಲೀನ್ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಬಳೆ ತೆಗೆದು, ಚಾಕುವಿನ ಕುತ್ತಿಗೆಯನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಹೊರತೆಗೆದು ಒರೆಸಿ, ಬಳೆ ಹಾಕಿ. ಕೀಲಿನ ಸುತ್ತಲ ಮರದೊಳಗೆ ವ್ಯಾಸಲೀನ್ ಇಳಿದಿದ್ದರೆ ತೇವಕ್ಕೆ ಜಾಗ ಇರುವುದಿಲ್ಲ. ಅಗಸೆ ಎಣ್ಣೆ ಮೊದಲು, ವ್ಯಾಸಲೀನ್ ಕೊನೆಗೆ. ಹಿಂದುಮುಂದಾದರೆ ಎಣ್ಣೆ ಹಿಡಿಯುವುದೇ ಇಲ್ಲ.

ಚನ್ನಪಟ್ಟಣದ ಗೊಂಬೆಗಳ ಹಾಗೆ ಅರಗು ಹಚ್ಚಬಹುದಲ್ಲ ಎಂದು ನಿಮಗೆ ಹೊಳೆಯಬಹುದು. ಅಲ್ಲಿ ಗೊಂಬೆ ಲೇತಿನ ಮೇಲೆ ಜೋರಾಗಿ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಪಕ್ಕ ಚಪ್ಪಟೆ ಮಾಡಿದ, ಸೀಳಿರುವ ಹಿಡಿಗೆ ಆ ವಿಧಾನ ಒಗ್ಗುವುದಿಲ್ಲ.

ಅಲಗಿಗೆ ಕಪ್ಪು

ಕಾರ್ಬನ್ ಸ್ಟೀಲ್ ಅಲಗಿಗೆ ಬೂದುಗಪ್ಪು ಪದರ ಬರಿಸುವುದು ಬರೀ ಚಂದಕ್ಕಲ್ಲ. ಆ ಪದರ ಕೂತ ಮೇಲೆ ಕೆಂಪು ತುಕ್ಕು ಅಷ್ಟು ಬೇಗ ಹಿಡಿಯುವುದಿಲ್ಲ. ನಮ್ಮ ಅಜ್ಜಿಯರ ಈಳಿಗೆಮಣೆಯ ಅಲಗು ಕಪ್ಪಾಗಿರುತ್ತದಲ್ಲ, ಅದೂ ಇದೇ. ಬಾಳೆಕಾಯಿ, ಬಾಳೆಹೂವು, ಹಲಸಿನ ಗುಜ್ಜೆ, ಮಾವಿನಕಾಯಿ ಹೆಚ್ಚಿ ಹೆಚ್ಚಿ ವರ್ಷಗಳಲ್ಲಿ ಬಂದದ್ದು. ನಾವು ಅದನ್ನು ಒಂದು ಸಂಜೆಯಲ್ಲಿ ಶುರು ಮಾಡಿಕೊಡುತ್ತೇವೆ.

ಅಲಗನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಒರೆಸಿ, ನೇಲ್ ಪಾಲಿಶ್ ರಿಮೂವರ್‌ನಿಂದ ಇನ್ನೊಮ್ಮೆ ಒರೆಸಿ. ಬೆರಳಚ್ಚಿನ ಜಿಡ್ಡು ಉಳಿದರೆ ಅದೇ ಆಕಾರದಲ್ಲಿ ಬಿಳಿ ಮಚ್ಚೆ ಬೀಳುತ್ತದೆ. ಉದ್ದನೆಯ ಕಿರಿದಾದ ಲೋಟದಲ್ಲಿ ಬೆಚ್ಚಗಿನ ವಿನೆಗರ್ ಹಾಕಿ, ಅಲಗು ಮಾತ್ರ ಮುಳುಗುವ ಹಾಗೆ ನಿಲ್ಲಿಸಿ. ಕೀಲು ಮೇಲೆಯೇ ಇರಲಿ. ಸ್ವಲ್ಪ ಹೊತ್ತಿಗೆ ಅಲಗಿನ ಮೇಲೆ ಸಣ್ಣ ಗುಳ್ಳೆಗಳು ಕೂರುತ್ತವೆ. ಇಪ್ಪತ್ತು ನಿಮಿಷಕ್ಕೆ ತೆಗೆದು ತೊಳೆದು, ಮೆತ್ತಿದ ಕಪ್ಪನ್ನು ಬಟ್ಟೆಯಿಂದ ಒರೆಸಿ ನೋಡಿ. ತೆಳು ಬೂದಿ ಬಣ್ಣ ಬಂದಿರುತ್ತದೆ. ಇನ್ನೂ ಗಾಢ ಬೇಕೆಂದರೆ ಮತ್ತೊಮ್ಮೆ ಮುಳುಗಿಸಿ. ಕೊನೆಗೆ ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದರೆ ಉಳಿದ ಹುಳಿ ಸತ್ತುಹೋಗುತ್ತದೆ. ಒರೆಸಿ, ಒಣಗಿಸಿ.

ಇದರ ಮೇಲೆ ಗಟ್ಟಿ ಕಪ್ಪು ಟೀಯಲ್ಲಿ ರಾತ್ರಿಯಿಡೀ ನಿಲ್ಲಿಸಿದರೆ ನೀಲಿ ಬೆರೆತ ಕಪ್ಪು ಬರುತ್ತದೆ. ಹಿಡಿಗೆ ಅಳಲೆಕಾಯಿ ಮಾಡಿದ ಕೆಲಸವನ್ನೇ ಇಲ್ಲಿ ಟೀಯ ಟ್ಯಾನಿನ್ ಮಾಡುತ್ತದೆ. ಸುಮ್ನೆ ಬಳಸುತ್ತಾ ಹೋಗುತ್ತೇನೆ ಅನ್ನುವವರು ಒಂದು ಮಾವಿನಕಾಯಿ ಹೆಚ್ಚಿ, ಒರೆಸದೇ ಐದು ನಿಮಿಷ ಬಿಡಿ. ಅಲಗಿನ ಮೇಲೆ ನೀಲಿ, ನೇರಳೆ ಛಾಯೆಗಳು ಹರಡುತ್ತವೆ. ಮೊದಲ ಕೆಲವು ಸಲ ಹೋಳುಗಳಿಗೆ ಕಬ್ಬಿಣದ ರುಚಿ ಬರುತ್ತದೆ, ಆಮೇಲೆ ನಿಲ್ಲುತ್ತದೆ.

ಉಪ್ಪು ಮಾತ್ರ ದೂರ ಇಡಿ. ಉಪ್ಪು ಹಾಕಿದ ಮಾವು, ಉಪ್ಪಿನಕಾಯಿ ಹೋಳು ಕೊಯ್ದು ಹಾಗೇ ಬಿಟ್ಟರೆ ಕಪ್ಪು ಪದರದ ಅಡಿಯಲ್ಲೇ ಸಣ್ಣ ಗುಳಿಗಳು ಬೀಳುತ್ತವೆ. ಇನ್ನೊಂದು, ಅಲಗಿಗೆ ನೀಲಿ ಬಣ್ಣ ಬರಲೆಂದು ಗ್ಯಾಸ್ ಉರಿಗೆ ಹಿಡಿಯಬೇಡಿ. ಬಣ್ಣ ಬರುವುದು ನಿಜ. ಆದರೆ ನೀಲಿ ಬರುವ ಹೊತ್ತಿಗೆ ಉಕ್ಕಿನ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಅದರ ಹದ ಕೆಟ್ಟಿರುತ್ತದೆ. ಅಂಥ ಅಲಗು ಎಷ್ಟು ಮಸೆದರೂ ಹರಿತ ನಿಲ್ಲಿಸುವುದಿಲ್ಲ.

ಸಾಣೆ

ಇದು ಕಪ್ಪು ಬರಿಸಿದ ಮೇಲೆ ಮಾಡುವ ಕೆಲಸ, ಯಾಕೆಂದರೆ ಹುಳಿ ಅಂಚನ್ನೂ ತಿಂದಿರುತ್ತದೆ. ಕಲ್ಲನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲಿಟ್ಟರೆ ಜಾರುವುದಿಲ್ಲ. ಬದಿಗೆ 20 ಡಿಗ್ರಿ ಕೋನ ಬೇಕು. ಅಲಗಿನ ಅಗಲದ ಮೂರನೇ ಒಂದು ಭಾಗದಷ್ಟು ಅದರ ಬೆನ್ನು ಕಲ್ಲಿನಿಂದ ಮೇಲಿದ್ದರೆ 20 ಡಿಗ್ರಿ ಆಯಿತು. ಅಂಚಿಗೆ ಮಾರ್ಕರ್ ಬಳಿದು ಎರಡು ಸಲ ಎಳೆಯಿರಿ. ಮಸಿ ಅಂಚಿನ ತುದಿಯವರೆಗೂ ಅಳಿಸಿದರೆ ಕೋನ ಸರಿ ಇದೆ. ತುದಿಯಲ್ಲಿ ಉಳಿದಿದ್ದರೆ ಬೆನ್ನು ಸ್ವಲ್ಪ ಎತ್ತಿ.

ಒಂದೇ ಬದಿಯನ್ನು ಮಸೆಯುತ್ತಾ ಹೋಗಿ. ಇನ್ನೊಂದು ಬದಿಯಲ್ಲಿ ಬೆರಳನ್ನು ಅಂಚಿನಿಂದ ಹೊರಮುಖವಾಗಿ ಸವರಿದರೆ ಸಣ್ಣ ಏಣು ತಾಕುತ್ತದೆ. ಬುಡದಿಂದ ಮೊನೆವರೆಗೂ ಅದು ತಾಕಿದ ಮೇಲೆಯೇ ಬದಿ ಬದಲಿಸಬೇಕು. ಎರಡೂ ಕಡೆ ಆದ ಮೇಲೆ ಹಗುರವಾಗಿ ಬದಿಗೊಂದರಂತೆ ಎಳೆದು, ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಅಂಚು ಹಿಂದಿರುವ ಹಾಗೆ ಹತ್ತಿಪ್ಪತ್ತು ಸಲ ಸವರಿ. ದಿನಪತ್ರಿಕೆಯ ಹಾಳೆ ಹರಿಯದೆ, ಕತ್ತರಿಸಿಕೊಂಡು ಹೋದರೆ ಸಾಕು.

ಬೀದಿಯಲ್ಲಿ ಸಾಣೆ ಹಿಡಿಯುವವರ ಚಕ್ರಕ್ಕೆ ಕೊಡುವುದಾದರೆ ಆಗಾಗ ನೀರಲ್ಲಿ ಅದ್ದಲು ಹೇಳಿ. ಈ ಅಲಗು ತೆಳ್ಳಗಿದೆ, ಒಣ ಚಕ್ರದ ಮೇಲೆ ಅಂಚು ಬೇಗ ಕಾಯುತ್ತದೆ.

ಬಳಸುವ ಮುಂಚೆ, ಬಳಸುವಾಗ

ಬೀಗ ಪರೀಕ್ಷಿಸದೇ ಜೇಬಿಗೆ ಹಾಕಬೇಡಿ. ಅಲಗು ತೆರೆದು, ಬಳೆಯನ್ನು ಬಿಗಿಯಾಗುವವರೆಗೆ ತಿರುಗಿಸಿ. ಬೆರಳುಗಳನ್ನು ಅಂಚಿನ ದಾರಿಯಿಂದ ದೂರ ಇಟ್ಟು, ಅಲಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲಗೆ ತಟ್ಟಿ. ಅಲುಗಬಾರದು. ಅಲುಗಿದರೆ ಬಳೆ ಸಡಿಲ ಇದೆ, ಇಲ್ಲವೇ ಅದರಡಿ ಸ್ಯಾಂಡ್‌ಪೇಪರಿನ ಧೂಳು ಕೂತಿದೆ. ತೆಗೆದು ಒರೆಸಿ ಮತ್ತೆ ಹಾಕಿ.

ದಿನದ ಆರೈಕೆ ಸುಲಭ. ಕೆಲಸ ಆದಮೇಲೆ ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸಿ. ನೀರಲ್ಲಿ ನೆನೆಹಾಕಬೇಡಿ, ಡಿಶ್‌ವಾಶರ್‌ಗೆ ಹಾಕಬೇಡಿ. ಅಲಗಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಬಹುದು, ಅದು ಒಣಗದಿರುವುದೇ ಇಲ್ಲಿ ಅನುಕೂಲ. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಹಿಡಿಗೆ ಒಂದು ಕೈ ಅಗಸೆ ಎಣ್ಣೆ ಹಚ್ಚಿ, ಅದು ಒಣಗಿದ ಮೇಲೆ ಕೀಲಿಗೆ ವ್ಯಾಸಲೀನ್ ಹಾಕಿದರೆ ಆ ವರ್ಷಕ್ಕೆ ಆಯಿತು. ಒದ್ದೆಯಾದ ಚಾಕುವನ್ನು ಬಿಸಿಲಿಗೆ ಇಡಬೇಡಿ, ಮರ ಬಿರಿಯುತ್ತದೆ. ಅಲಗು ತೆರೆದು ಫ್ಯಾನಿನ ಕೆಳಗೆ ಇಟ್ಟರೆ ಸಾಕು.

ಇನ್ನು ಕಾನೂನು. ನಮ್ಮ ದೇಶದ ಆಯುಧ ನಿಯಮಗಳಲ್ಲಿ ಹೇಳಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಬಗ್ಗೆ, ಅದೂ ಮನೆಗೆಲಸ, ಬೇಸಾಯದಂಥ ಕೆಲಸಕ್ಕೆಂದು ಮಾಡಿರದವುಗಳ ಬಗ್ಗೆ. ನಂ. 8 ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಎಲ್ಲಾ ಕಡೆ ಒಯ್ಯಬಹುದು ಅಂತಲ್ಲ. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ, ಚೆಕ್-ಇನ್ ಮಾಡುವ ಬ್ಯಾಗಿನಲ್ಲಿ ಹಾಕಿ. ಮೆಟ್ರೋ, ಕೋರ್ಟು, ದೊಡ್ಡ ಸಭೆಗಳಿಗೆ ಹೋಗುವ ದಿನ ಚಾಕು ಮನೆಯಲ್ಲೇ ಇರಲಿ.